ಗಾಳಿ ಖೋಲಿ

ಇಳಕಲ್ಲಿನಲ್ಲಿ ಶಿವಸಂಗಪ್ಪನ ಮೂಗಿಗೆ ಇದ್ದಷ್ಟು ಮರ್ಯಾದೆ ಶಿವಸಂಗಪ್ಪನಿಗೇ ಇರಲಿಲ್ಲ. ಆಳು ಗಿಡ್ಡ, ಮಾತು ಕಡಿಮೆ, ಅಂಗಿಯ ತೋಳುಗಳನ್ನು ಬ್ಲೀಚಿಂಗ್ ಪುಡಿ ತಿಂದು ತೂತು ಮಾಡಿತ್ತು. ಸಂತೆಯಲ್ಲಿ ಎದುರು ಬಂದರೆ ಯಾರೂ ದಾರಿ ಬಿಡುತ್ತಿರಲಿಲ್ಲ. ಆದರೆ ನೂಲು ಬಿಳಿ ಮಾಡುವ ತೊಟ್ಟಿಯ ಮೇಲೆ ಬಾಗಿ ಒಮ್ಮೆ ಉಸಿರೆಳೆದನೆಂದರೆ ಸುತ್ತ ನಿಂತವರೆಲ್ಲ ಬಾಯಿ ಮುಚ್ಚಿ ಅವನ ಮುಖ ನೋಡಬೇಕು. ಪುಡಿಯ ಖಾರ ಇನ್ನೆಷ್ಟು ಉಳಿದಿದೆ, ನೂಲಿನ ಲಡಿಗಳು ಇನ್ನೆಷ್ಟು ಹೊತ್ತು ಮುಳುಗಿರಬೇಕು ಎಂಬುದನ್ನು ಆ ಮೂಗು ಹೇಳುತ್ತಿತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿ ಹೇಳಿರಲಿಲ್ಲ.

ಆ ಕಸುಬಿನ ಗುಟ್ಟು ಇಷ್ಟೇ. ಬ್ಲೀಚಿಂಗ್ ನೀರು ಮೂಗಿಗೆ ಹೊಡೆಯುವ ತನಕ ಅದಕ್ಕೆ ಜೀವ ಇದೆ. ವಾಸನೆ ಹೋಯಿತೋ, ಪುಡಿ ಸತ್ತಿತು. ಆಮೇಲೆ ಕೈ ಹಾಕಿದರೆ ಚರ್ಮ ಸುಡುವುದಿಲ್ಲ. ಅವನ ಅಪ್ಪ ಅವನಿಗೆ ಕಲಿಸಿದ್ದು ಇದೊಂದೇ ಪಾಠ. ಬೇರೆ ಸಾಲಿ ಅವನು ಕಂಡವನಲ್ಲ.

ತೊಟ್ಟಿಗೆ ಕೈ ಹಾಕಿ ಲಡಿ ಎತ್ತುವವಳು, ಹಿಂಡುವವಳು, ಗಳಕ್ಕೆ ಹಾಕಿ ಒಣಗಿಸುವವಳು ಅವನ ಹೆಂಡತಿ ಯಮನವ್ವ. ಅವಳಿಗೆ ವಾಸನೆ ಎಂಬುದೇ ಇರಲಿಲ್ಲ. ಮದುವೆಯಾದ ಎರಡನೆಯ ವರ್ಷ ಪುಡಿಯ ಡಬ್ಬಿಯ ಮುಚ್ಚಳ ಎಬ್ಬುವಾಗ ಅದು ಮುಖಕ್ಕೇ ಸಿಡಿದು, ಎಂಟು ದಿನ ಮೂಗಿನಲ್ಲಿ ರಕ್ತ ಬಂದು, ಅಂದಿನಿಂದ ಮಲ್ಲಿಗೆಗೂ ಚಿಮಣಿ ಎಣ್ಣೆಗೂ ಅವಳಿಗೆ ಭೇದ ತಿಳಿಯದು. ಹೋದರೆ ಹೋಯಿತು ಎಂದು ಅವಳು ಗಂಡನ ಮೂಗನ್ನೇ ತನ್ನದು ಮಾಡಿಕೊಂಡಳು. ಹಾಲು ಕೆಟ್ಟಿದೆಯೋ ಎಂದು ನೋಡಲು ಬೋಗುಣಿ ಅವನ ಮುಖದ ಮುಂದೆ ಬರುತ್ತಿತ್ತು. ಸಾರು ತಳ ಹಿಡಿಯಿತೋ ಎಂದು ತಿಳಿಯಲು ಅವನನ್ನು ಪಡಸಾಲೆಯಿಂದ ಕೂಗಬೇಕು. ಮಗಳು ಮಹಾನಂದಾ ಹುಟ್ಟಿದಾಗ ಕೂಸನ್ನು ಎತ್ತಿ ಅವನ ಮೂಗಿನ ಹತ್ತಿರ ಹಿಡಿದು, "ಕೂಸಿನ ವಾಸನಿ ಹೆಂಗಿರತೈತಿ, ಹೇಳ್ರಿ," ಎಂದು ಕೇಳಿದ್ದಳು. ಅವನಿಗೆ ಮಾತು ಸಿಗದೆ "ಚಲೋ ಐತಿ" ಎಂದಿದ್ದ. ಆ ಒಂದು ಮಾತು ಹಿಡಿದುಕೊಂಡು ಅವಳು ಆಯುಷ್ಯವೆಲ್ಲ ಅವನನ್ನು ಗೇಲಿ ಮಾಡಿದಳು.

ತೊಟ್ಟಿಯ ಹತ್ತಿರವಂತೂ ಅದು ಪೂಜೆಯಷ್ಟು ಕಟ್ಟುನಿಟ್ಟು. ಕೈ ಹಾಕುವ ಮೊದಲು ಅವಳು ಕೇಳಲೇಬೇಕು.

"ಹೋತೇನ್ರಿ?"

"ಹೋತು. ಹಾಕು ಕೈ."

ದಿನಕ್ಕೆ ಎಂಟು ಸಲ, ಹತ್ತು ಸಲ. ಜಗಳಾಡಿ ಮಾತು ಬಿಟ್ಟ ದಿನವೂ ಈ ಎರಡು ಮಾತು ಮಾತ್ರ ತಪ್ಪುತ್ತಿರಲಿಲ್ಲ. ಅವನು 'ಹೋತು' ಎನ್ನದೆ ಅವಳು ಬೆರಳು ಅದ್ದಿದವಳಲ್ಲ. ಇದು ಷೆಡ್ಡಿನಲ್ಲಿದ್ದ ಆಳುಗಳಿಗೆಲ್ಲ ಗೊತ್ತಿತ್ತು, ಬಾದಾಮಿಗೆ ಕೊಟ್ಟ ಮಗಳಿಗೂ ಗೊತ್ತಿತ್ತು.

ಗಂಡಹೆಂಡಿರು ಕೆಲಸಕ್ಕಿದ್ದದ್ದು ಬಸವಂತನ ಕಾರ್ಖಾನೆಯಲ್ಲಿ, ಊರ ಹೊರಗೆ ಹುನಗುಂದದ ರಸ್ತೆಗೆ. ಬಸವಂತ ನೇಕಾರರ ಮನೆಯವನೇ. ಅಪ್ಪನ ಕಾಲಕ್ಕೆ ಎರಡು ಕೈಮಗ್ಗ, ಇವನ ಕಾಲಕ್ಕೆ ಇಪ್ಪತ್ತು ಪವರ್‌ಲೂಮು. ಮೊದಮೊದಲು ಸೀರೆಯ ನೂಲಷ್ಟೇ ಬಿಳಿ ಮಾಡುತ್ತಿದ್ದ ಷೆಡ್ಡಿಗೆ ಬರಬರುತ್ತ ಇನ್ನೂ ಬಿಳಿ ಮಾಡದ ಕೋರಾ ಬಟ್ಟೆಯ ಥಾನುಗಳೂ ಬಂದವು. ಆದರೆ ತೊಟ್ಟಿಯ ನೀರು ಹಳ್ಳಕ್ಕೆ ಹರಿದು, ಹಳ್ಳದ ನೀರು ಕುಡಿದ ಎರಡು ಎಮ್ಮೆ ಕಾಲು ಚಾಚಿ, ರೈತರು ಬಂದು ಗದ್ದಲ ಎಬ್ಬಿಸಿದ ಮೇಲೆ ಸರಕಾರದ ನೋಟೀಸು ಬಂತು. ಬ್ಲೀಚಿಂಗ್ ಪುಡಿ ಬಿಡು, ಇಲ್ಲ ಷೆಡ್ಡು ಮುಚ್ಚು. ಹೀಗಾಗಿ 2003ರ ಯುಗಾದಿಗೆ ಮುಂಚೆ ಲಾರಿಯ ಮೇಲೆ ಹೊಸ ಯಂತ್ರ ಬಂತು. ಅದರ ಬೆಲೆ ಕೇಳಿದವರು "ಮೂಗಿಗಿಂತ ಮೂಗುತಿ ಭಾರ ಆತು" ಎಂದು ನಕ್ಕರು.

ಯಂತ್ರದಲ್ಲಿ ಎರಡು ಭಾಗ. ಒಂದು, ಕಪಾಟಿನಂಥ ಪೆಟ್ಟಿಗೆ. ಸಿಲಿಂಡರಿನ ಆಕ್ಸಿಜನ್ ಅದರೊಳಗೆ ಹೊಕ್ಕು, ಕರೆಂಟಿನ ಹೊಡೆತ ತಿಂದು, ಓಝೋನ್ ಎಂಬ ಬೇರೆಯೇ ಗಾಳಿಯಾಗಿ ಹೊರಬರುತ್ತದೆ. ಇನ್ನೊಂದು, ಉಕ್ಕಿನ ತಗಡಿನ ಖೋಲಿ. ಅದರೊಳಗೆ ಒದ್ದೆ ಬಟ್ಟೆಯನ್ನು ಸಾಲುಸಾಲಾಗಿ ಇಳಿಬಿಟ್ಟು ಬಾಗಿಲು ಬಿಗಿದರೆ, ಆ ಗಾಳಿ ಮುಕ್ಕಾಲು ತಾಸಿನಲ್ಲಿ ಬಟ್ಟೆಯ ಹಳದಿಯನ್ನೆಲ್ಲ ತಿಂದುಬಿಡುತ್ತದೆ. ಕುದಿಸುವುದು ಬೇಡ, ನಾಲ್ಕು ಸಲ ತೊಳೆಯುವಲ್ಲಿ ಒಂದು ಸಲ ಸಾಕು. ಆಳುಗಳು ಅದಕ್ಕೆ ಗಾಳಿ ಖೋಲಿ ಎಂದು ಹೆಸರಿಟ್ಟರು. ಮೊದಲ ದಿನ ಹೊರಬಂದ ಬಟ್ಟೆ ನೋಡಿ ಯಮನವ್ವ ಸೆರಗನ್ನು ಬಾಯಿಗೆ ಹಚ್ಚಿಕೊಂಡು, "ಏ ಯಪ್ಪಾ, ಬೆಳದಿಂಗಳ ಹಂಗ ಆಗೇತಲ್ರಿ!" ಎಂದಳು.

ಶಿವಸಂಗಪ್ಪ ಬಟ್ಟೆ ನೋಡುತ್ತಿರಲಿಲ್ಲ. ಬಾಗಿಲ ಪಕ್ಕದಲ್ಲಿ ಕೂತಿದ್ದ ಮೀಟರನ್ನು ನೋಡುತ್ತಿದ್ದ. ಒಳಗಿನ ಗಾಳಿ ಖಾಲಿಯಾಯಿತೋ ಇಲ್ಲವೋ ಎಂದು ಹೇಳುವುದು ಅದರ ಕೆಲಸ. ಕೆಂಪು ಅಂಕಿ ಸೊನ್ನೆಗೆ ಬಂದರೆ ಬಾಗಿಲು ತೆಗೆಯಬೇಕು, ಮುಗಿಯಿತು. ತೊಟ್ಟಿಯ ಮೇಸ್ತ್ರಿಯಾಗಿದ್ದವನು ಅಂದಿನಿಂದ ಸಿಲಿಂಡರ್ ಉರುಳಿಸುವ ಆಳಾದ.

ಯಂತ್ರ ನಡೆಸುವುದನ್ನು ಕಲಿಸಲು ಬಂದವಳು ಪ್ರಿಯದರ್ಶಿನಿ. ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಹೇಳುತ್ತಿದ್ದಳು. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಅವಳ ಮನೆಯವರು ನವನಗರಕ್ಕೆ ಬಂದಿದ್ದರು. ಶನಿವಾರಕ್ಕೊಮ್ಮೆ ಬಸ್ಸಿಳಿದು, ಹೆಗಲ ಚೀಲದಿಂದ ವಹಿ ತೆಗೆದು, ಯಂತ್ರದ ಮುಂದೆ ನಿಲ್ಲುವಳು. ಮೊದಲ ಶನಿವಾರವೇ ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡಳು.

"ನೋಡ್ರಿ, ಬಟನ್ ಬಂದ್ ಮಾಡಿದ ಮ್ಯಾಲೆ ಹೊರಗ ಎಳಿಯೋ ಫ್ಯಾನ್ ಅರ್ಧಾ ತಾಸು ಓಡಬೇಕು. ಆಮ್ಯಾಲೆ ಮೀಟರ್ ನೋಡಬೇಕು. ಸೊನ್ನಿ ಬಂದ್ರಷ್ಟ ಬಾಗಲಾ. ವಾಸನಿ ಮ್ಯಾಲೆ ಯಾರೂ ಭರೋಸಾ ಇಡಬ್ಯಾಡ್ರಿ. ಈ ಗಾಳಿದು ಮೊದ್ಲ ಘಾಟು ಬರತೈತಿ, ಹತ್ತ ನಿಮಿಷದಾಗ ಮೂಗಿಗೆ ರೂಢಿ ಆಗಿಬಿಡತೈತಿ. ಗಾಳಿ ಅಲ್ಲೇ ಇರತೈತಿ, ಮೂಗಿಗೆ ಗೊತ್ತಾಗಂಗಿಲ್ಲ. ಒಳಗ ಹೋತಂದ್ರ ಎದಿ ಸುಡತೈತಿ."

ಆಳುಗಳೆಲ್ಲ ಶಿವಸಂಗಪ್ಪನ ಕಡೆ ತಿರುಗಿ ಕಿಸಕ್ಕೆಂದರು. ಅವನು ಒಂದು ಹೆಜ್ಜೆ ಮುಂದೆ ಬಂದ.

"ಬಾಯಾರ, ನೀವು ಬ್ಯಾರೇದವರ ಮೂಗಿನ ಮಾತು ಹೇಳಾಕತ್ತೀರಿ. ನಮ್ಮ ಮೂಗು ಮೂವತ್ತ ವರ್ಷ ಆತು, ಒಂದ್ ದಿನಾ ಮಲಗಿಲ್ಲ."

"ಕಾಕಾರ, ಇದು ಬ್ಲೀಚಿಂಗ್ ಪುಡಿ ಅಲ್ರಿ. ಇದರ ಮುಂದ ಎಲ್ಲಾರ ಮೂಗೂ ಒಂದ."

ಎಲ್ಲರ ಮೂಗೂ ಒಂದೇ! ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ, ನಾಲ್ಕು ಮಂದಿಯ ಎದುರಿಗೆ! ಅವಳು ಕೆಟ್ಟದ್ದಕ್ಕೆ ಹೇಳಿರಲಿಲ್ಲ, ಹೇಳಿದ್ದು ಸುಳ್ಳೂ ಅಲ್ಲ. ಆದರೆ ಮನುಷ್ಯನಿಗೆ ಇರುವುದೇ ಒಂದು ಗುಣ, ಅದನ್ನೂ ಕಿತ್ತುಕೊಂಡರೆ ಅವನು ಖರೆ ಸುಳ್ಳು ತೂಗುತ್ತ ಕೂಡುತ್ತಾನೆಯೆ? ಅಂದು ಶಿವಸಂಗಪ್ಪ ಅರ್ಧ ರೊಟ್ಟಿ ತಿಂದು ತಾಟು ಸರಿಸಿದ. ಯಮನವ್ವ ಅವನ ಮೋರೆ ನೋಡಿ ಎಲ್ಲ ತಿಳಿದುಕೊಂಡಳು.

"ಹೋಗ್ಲಿ ಬಿಡ್ರಿ. ಹಾಲು ಕೆಟ್ಟೈತೇನಂತ ಹೇಳಾಕ ಆ ಹುಡುಗಿ ಮನಿಗೆ ಮೀಟರ್ ತಂದ್ಲೇನು? ಈ ಮನ್ಯಾಗ ನಿಮ್ಮ ನೌಕರಿ ಪಕ್ಕಾ ಐತಿ."

ಅವನಿಗೆ ನಗು ಬಂತು. ಉಳಿದರ್ಧ ರೊಟ್ಟಿಯನ್ನೂ ತಿಂದ.

ಮೇ ತಿಂಗಳಲ್ಲಿ ಗಾಳಿ ಮಳೆ ಎದ್ದು, ಕರೆಂಟು ಏರಿಳಿದು, ಮೀಟರು ಸುಟ್ಟಿತು. ಬಸವಂತ ಯಂತ್ರದ ಕಂಪನಿಗೆ ಫೋನು ಮಾಡಿದ. ಹೊಸದು ಪುಣೆಯಿಂದ ಬರಬೇಕು, ಇಪ್ಪತ್ತು ದಿನ. ಪ್ರಿಯದರ್ಶಿನಿಗೆ ಫೋನು ಮಾಡಿದರೆ ಅವಳು, "ಮೀಟರ್ ಬರೂತನ ಖೋಲಿ ಬಂದ್ ಇಡ್ರಿ, ಮುಟ್ಟಬ್ಯಾಡ್ರಿ," ಎಂದುಬಿಟ್ಟಳು. ಬಂದ್ ಇಡುವುದು ಹೇಗೆ? ಜೂನಿಗೆ ಸಾಲಿ ಶುರುವಾಗುತ್ತದೆ. ಹುಡುಗರ ಅಂಗಿಯ ಬಿಳಿ ಬಟ್ಟೆ ಆ ಹೊತ್ತಿಗೆ ಹುಬ್ಬಳ್ಳಿಗೆ ಮುಟ್ಟಬೇಕು. ಅದು ತಪ್ಪಿದರೆ ಮುಂದಿನ ವರ್ಷ ಬಸವಂತನ ಬಾಗಿಲಿಗೆ ಯಾರೂ ಬರುವುದಿಲ್ಲ. ಅವನು ಫೋನು ಇಟ್ಟು, ನೆಟ್ಟಗೆ ಷೆಡ್ಡಿಗೆ ಬಂದು, ಸಿಲಿಂಡರ್ ಉರುಳಿಸುತ್ತಿದ್ದ ಶಿವಸಂಗಪ್ಪನ ಹೆಗಲ ಮೇಲೆ ಕೈ ಇಟ್ಟ.

"ಕಾಕಾ, ಇಷ್ಟ ವರ್ಷ ಈ ಷೆಡ್ಡು ಯಾವ ಮೀಟರ್ ಮ್ಯಾಲೆ ನಡದೈತಿ? ನಿನ್ನ ಮೂಗಿನ ಮ್ಯಾಲೆ. ಆ ಹುಡುಗಿ ಪುಸ್ತಕಾ ಓದ್ಯಾಳ, ನೀ ಗಾಳಿ ಓದೀದಿ. ಹೇಳು, ನಿನ್ನ ಕೈಲೆ ಆಗತೈತೋ ಇಲ್ಲೋ?"

ಹೊಗಳಿಕೆ ಎಂಥ ಹಾಳು ಪದಾರ್ಥ ನೋಡಿ. ಎರಡು ತಿಂಗಳಿಂದ ಬಾಗಿದ್ದ ಶಿವಸಂಗಪ್ಪನ ಬೆನ್ನು ಅಲ್ಲೇ ನೆಟ್ಟಗಾಯಿತು. ಆಗುವುದಿಲ್ಲ ಎಂದರೆ ಮೀಟರು ಗೆದ್ದಂತೆ, ತಾನು ಸಾಯುವ ತನಕ ಸಿಲಿಂಡರ್ ಉರುಳಿಸಬೇಕು. ಆಗುತ್ತದೆ ಎಂದರೆ ಮತ್ತೆ ಮೇಸ್ತ್ರಿ.

"ಆಗತೈತ್ರಿ ಸಾವ್ಕಾರ್ರ," ಎಂದ.

ಹನ್ನೊಂದು ದಿನ ಆಯಿತು ಕೂಡ. ಯಂತ್ರ ನಿಲ್ಲಿಸಿ, ಅರ್ಧ ತಾಸು ಫ್ಯಾನು ಓಡಿಸಿ, ಬಾಗಿಲ ತಿರುಪು ಸಡಿಲಿಸಿ, ಸಂದಿಗೆ ಮೂಗು ಹಚ್ಚಿ ಅವನು ಉಸಿರೆಳೆಯುವನು. ಆಳುಗಳು ಮತ್ತೆ ಬಾಯಿ ಮುಚ್ಚಿ ಅವನ ಮುಖ ನೋಡತೊಡಗಿದರು. "ಹೋತೇನ್ರಿ?" "ಹೋತು, ನಡಿ ಒಳಗ." ಯಮನವ್ವ ಒಳಹೊಕ್ಕು ಬಟ್ಟೆ ಇಳಿಸಿ ತರುವಳು. ಖೋಲಿಯೊಳಗೆ ಏನೂ ಉಳಿದಿರುತ್ತಿರಲಿಲ್ಲ. ಅದು ಫ್ಯಾನಿನ ಪುಣ್ಯ. ಅವನು ಮೂಗಿನ ಪುಣ್ಯವೆಂದು ತಿಳಿದ.

ಹನ್ನೆರಡನೆಯ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಖೋಲಿಯ ತುಂಬ ಗಾಳಿ ತುಂಬಿತ್ತು. ಯಂತ್ರವೂ ನಿಂತಿತು, ಫ್ಯಾನೂ ನಿಂತಿತು. ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ, ತರಲು ಹೋದವನು ಬಂದಿರಲಿಲ್ಲ. ಒಂದು ತಾಸಾಯಿತು. ಬಿಸಿಲಿಗೆ ತಗಡಿನ ಷೆಡ್ಡು ಕಾದು, ನಿಂತ ನಿಲುವಿಗೆ ಬೆವರು ಇಳಿಯುತ್ತಿತ್ತು. ಬಸವಂತ ನಾಲ್ಕು ಸಲ ಬಂದು ಹೋದ.

"ಕಾಕಾ, ಅರಿವಿ ಭಾಳ ಹೊತ್ತು ಒಳಗಿದ್ರ ಗಾಳಿ ತಿಂದು ಕೊಳತಂಗ ಆಗತೈತಿ. ಸಂಜೀಕ ಲಾರಿ ಬರತೈತಿ. ನೋಡು, ಏನರ ಮಾಡು."

ಶಿವಸಂಗಪ್ಪ ತಿರುಪು ಸಡಿಲಿಸಿ ಬಾಗಿಲನ್ನು ಎರಡು ಬೆರಳಷ್ಟು ಸರಿಸಿದ. ಘಾಟು ಮುಖಕ್ಕೆ ಹೊಡೆಯಿತು, ಸಿಡಿಲು ಬಿದ್ದ ಮರದ ಹತ್ತಿರ ಬರುವಂಥದ್ದು. ಕಣ್ಣು ಉರಿದವು. ಅವನು ಕದಲಲಿಲ್ಲ. ತೊಟ್ಟಿಯ ಮೇಲೆ ನಿಂತಂತೆಯೇ ನಿಂತ. ಒಂದೊಂದೇ ಉಸಿರು ತೆಗೆದುಕೊಳ್ಳುತ್ತ, ಬಿಡುತ್ತ, ಕಾಯುತ್ತ ಇದ್ದ. ಘಾಟು ತೆಳುವಾಯಿತು. ಇನ್ನಷ್ಟು ತೆಳುವಾಯಿತು. ಹತ್ತು ಹನ್ನೆರಡು ನಿಮಿಷಕ್ಕೆ ಏನೂ ಇಲ್ಲ. ಪುಡಿ ಸಾಯುವಾಗ ಹೇಗೆ ಸಾಯುತ್ತಿತ್ತೋ ಹಾಗೆಯೇ, ಅದೇ ಹದಕ್ಕೆ.

ಆ ಹುಡುಗಿಯ ಮಾತು ಆಗ ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ನೆನಪಾಯಿತು. ನೆನಪಾದದ್ದಕ್ಕೇ ಅವನಿಗೆ ಸಿಟ್ಟು ಬಂತು.

ಯಮನವ್ವ ತಲೆಗೆ ಅರಿವೆ ಕಟ್ಟಿಕೊಂಡು, ಕಚ್ಚೆಯ ನೆರಿಗೆ ಬಿಗಿದು, ಹಿಂದೆ ನಿಂತಿದ್ದಳು.

"ಹೋತೇನ್ರಿ?"

"ಹೋತು. ನಡಿ ಒಳಗ."

ಅವಳು ಹೋದಳು. ಅವನೂ ಅವಳ ಹಿಂದೆ ಹೋಗುವವನೇ ಇದ್ದ. ಅಷ್ಟರಲ್ಲಿ ಡೀಸೆಲ್ ಬಂತೆಂದು ಬಸವಂತ ಹೊರಗಿನಿಂದ ಕೂಗಿದ. ಡಬ್ಬಿ ಎತ್ತಿ ಸುರಿಯಲು ಎರಡು ಆಳು ಬೇಕು. ಹೋದ. ಜನರೇಟರು ಹಟ ಹಿಡಿಯಿತು. ಹಗ್ಗ ಸುತ್ತಿ ಎಳೆದು, ಬೈದು, ಮತ್ತೆ ಸುತ್ತಿ ಎಳೆದು, ಅದು ಗುಡುಗುಟ್ಟುವ ಹೊತ್ತಿಗೆ ಅರ್ಧ ತಾಸು ಕಳೆದಿತ್ತು.

ಅವನು ತಿರುಗಿ ಷೆಡ್ಡಿಗೆ ಬಂದು ಖೋಲಿಯ ಹೊಸ್ತಿಲಲ್ಲಿ ಕಾಲಿಟ್ಟ. ಘಾಟು ಕಪಾಳಕ್ಕೆ ಹೊಡೆದಂತೆ ಹೊಡೆಯಿತು. ಮೊದಲು ಹೊಡೆದಷ್ಟೇ ಜೋರು. ಹೊರಗಿನ ಗಾಳಿಯಲ್ಲಿ ಅರ್ಧ ತಾಸು ಇದ್ದು ಬಂದ ಮೂಗು ಎಚ್ಚರಾಗಿತ್ತು. ವಾಸನೆ ಹೋಗಿಯೇ ಇರಲಿಲ್ಲ.

"ಏ! ಹೊರಗ ಬಾ! ಮಹಾನಂದಾನ ಅವ್ವಾ, ಹೊರಗ ಬಾ!"

ಯಮನವ್ವ ಕೊನೆಯ ಸಾಲಿನಲ್ಲಿದ್ದಳು. ಕಣ್ಣು ಕೆಂಡದಂತೆ ಕೆಂಪಾಗಿ ನೀರು ಸುರಿಯುತ್ತಿತ್ತು. ಕೆಮ್ಮುತ್ತ ಕೆಮ್ಮುತ್ತ, ಬಾಣಂತಿ ಕೂಸನ್ನು ಎತ್ತಿದಂತೆ, ಎರಡೂ ಕೈಯಲ್ಲಿ ಬಟ್ಟೆ ಎತ್ತಿ ಹಿಡಿದಿದ್ದಳು.

"ಮುಟ್ಟಿದ್ರ ಹರಿಯಾಕತ್ತೈತಿ ನೋಡ್ರಿ," ಎಂದಳು, ಉಸಿರು ಸಿಗದ ದನಿಯಲ್ಲಿ. "ಅದಕ್ಕ ಮೆತ್ತಗ ಇಳಸಾಕತ್ತಿದ್ದೆ. ಸಾವ್ಕಾರ್ರು ಬೈತಾರ."

ಅವನು ಅವಳ ರಟ್ಟೆ ಹಿಡಿದು ಎಳೆದು ತಂದ. ಬಟ್ಟೆ ಹಪ್ಪಳದಂತೆ ಹರಿದು ಬಾಗಿಲ ತುಂಬ ಬಿತ್ತು. ಬೇವಿನ ನೆರಳಿಗೆ ಕೂಡಿಸಿ ನೀರು ಕುಡಿಸಿದ.

"ಏನಾಗಾಕತ್ತೈತಿ? ಹೇಳು."

"ಏನಿಲ್ರಿ. ಪುಡಿ ಹೊಡದಂಗ ಆಗೇತಿ ಎದಿ. ಹೊಸಾದೇನು ನಮಗ? ನೀವ್ಯಾಕ ಹಿಂಗ ನಡಗಾಕತ್ತೀರಿ?"

ಹೌದು, ಹೊಸದೇನಲ್ಲ. ಪುಡಿಯ ಕಾಲದಲ್ಲಿ ಕೆಮ್ಮದೆ ಇದ್ದ ದಿನವೇ ಇರಲಿಲ್ಲ. ಒಂದು ತಾಸಿಗೆ ಕೆಮ್ಮು ಇಳಿಯಿತು. ಮನೆಗೆ ಹೋಗಿ ಮಜ್ಜಿಗೆ ಕುಡಿದಳು, ಎರಡು ಮಾತೂ ಆಡಿದಳು. ಆ ಗಾಳಿಯ ಗುಣವೇ ಅದು ಎಂದು ಡಾಕ್ಟರು ಆಮೇಲೆ ಹೇಳಿದರು. ಕೆಲವರಿಗೆ ಮೊದಲು ಬಿಟ್ಟಂತೆ ಮಾಡಿ, ತಾಸುಗಳ ಮೇಲೆ ಪುಪ್ಪುಸದಲ್ಲಿ ನೀರು ತುಂಬುತ್ತದಂತೆ. ಸಂಜೆ ನಾಲ್ಕಕ್ಕೆ ಅವಳಿಗೆ ಮಲಗಲು ಆಗಲಿಲ್ಲ. ಐದಕ್ಕೆ ಕೂಡಲೂ ಆಗಲಿಲ್ಲ. ತುಟಿ ಕಪ್ಪಿಟ್ಟು, ಕೆಮ್ಮಿದರೆ ಸೆರಗಿಗೆ ಕೆಂಪು ನೊರೆ ಹತ್ತಿತು. ಶಿವ ಶಿವಾ, ಅದನ್ನು ನೋಡಬಾರದು.

ಓಣಿಯ ಮಲೀಕಸಾಬ ಜೀಪು ತಂದ. ಹುನಗುಂದ ದಾಟಿ, ಅಮೀನಗಡ ದಾಟಿ, ಬಾಗಲಕೋಟೆ ಮುಟ್ಟುವ ತನಕ ಅವಳು ಗಂಡನ ಎದೆಗೆ ಒರಗಿ ಕೂತೇ ಇದ್ದಳು. ಅವಳ ಒಂದೊಂದು ಉಸಿರೂ ಗುಡುಗುಡಿಯಂತೆ ಅವನ ಕೈಗೆ ತಾಗುತ್ತಿತ್ತು. ದವಾಖಾನಿಯಲ್ಲಿ ಅವಳನ್ನು ಮಂಚಕ್ಕೆ ಏರಿಸಿ, ಒಬ್ಬ ಆಳು ಸಿಲಿಂಡರನ್ನು ಓರೆ ಮಾಡಿ ಉರುಳಿಸುತ್ತ ತಂದು ತಲೆದೆಸೆಗೆ ನಿಲ್ಲಿಸಿದ. ಕರೀ ಸಿಲಿಂಡರು, ಕೊರಳಿಗೆ ಬಿಳಿ ಬಣ್ಣ. ಆ ಬಿಳಿ ಒಂದನ್ನು ಬಿಟ್ಟರೆ ಅವನು ಎರಡು ತಿಂಗಳಿಂದ ಉರುಳಿಸಿದ್ದು ಅದನ್ನೇ. ಅಲ್ಲಿ ಯಂತ್ರಕ್ಕೆ ಹೋಗುತ್ತಿದ್ದದ್ದು ಇಲ್ಲಿ ನೆಟ್ಟಗೆ ಅವಳ ಮೂಗಿಗೆ ಹೋಗತೊಡಗಿತು.

ಬೆಳಗಾಗುವ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಮುಖದ ಮೇಲಿನ ಬಟ್ಟಲನ್ನು ಬೆರಳಿನಿಂದ ತೋರಿಸಿದಳು.

"ಇದರಾಗ... ವಾಸನಿ ಐತೇನ್ರಿ?"

ಅವನು ಬಾಗಿ ಮೂಸಿದ. "ಇಲ್ಲ. ಏನೂ ಇಲ್ಲ. ಉಸರ ತಗೋ."

ಅವಳು ತಲೆ ಆಡಿಸಿ ಉಸಿರೆಳೆದಳು. ಅವನು ಹೇಳಿದನಲ್ಲ, ಸಾಕು. ಹತ್ತು ಗಂಟೆಗೆ ಅವಳು ಹೋದಳು.

ಬಸವಂತ ಅಷ್ಟೊತ್ತಿಗೆ ಬಂದಿದ್ದ. ಅವನ ಕಣ್ಣಲ್ಲೂ ನೀರಿತ್ತು, ಸುಳ್ಳಿನ ನೀರಲ್ಲ. ಸಣ್ಣವನಿದ್ದಾಗ ಅವಳ ಕೈಯ ರೊಟ್ಟಿ ತಿಂದವನು. ಆದರೂ ಕಣ್ಣೊರೆಸಿಕೊಂಡು ಶಿವಸಂಗಪ್ಪನನ್ನು ಕಂಪೌಂಡಿನ ಮೂಲೆಗೆ ಕರೆದುಕೊಂಡು ಹೋದ.

"ಕಾಕಾ, ಪೊಲೀಸ್ರು ಕೇಳ್ತಾರ. ಕಾಕು ಯಾರನ್ನೂ ಕೇಳದ ಬಾಗಲಾ ತಗದು ಒಳಗ ಹೋದ್ಲು ಅಂತ ಹೇಳಿಬಿಡು. ಮೀಟರ್ ಮಾತು ಬ್ಯಾಡ, ಮೂಗಿನ ಮಾತು ಬ್ಯಾಡ. ನೀ ಹೋತು ಅಂದಿ ಅಂತ ಗೊತ್ತಾದ್ರ ಕೇಸು ನಿನ್ನ ಮ್ಯಾಲೂ ಬರತೈತಿ. ಮಂದಿ ಏನಂದಾರು? ಹೆಂಡ್ತೀನ ತಾನ ಕಳಿಸಿ ಕೊಂದ ಅಂದಾರು. ಹೋದಾಕಿ ಹೋದ್ಲು, ಆಕೀಗೆ ಈಗ ಏನು?"

ಶಿವಸಂಗಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಸವಂತ ಅದನ್ನು ಹೂಂ ಎಂದೇ ತಿಳಿದ. ತಿಳಿಯಲಿ ಎಂದೇ ಶಿವಸಂಗಪ್ಪ ಸುಮ್ಮನಿದ್ದ. ಇದನ್ನು ಮುಚ್ಚಿ ಹೇಳಿ ಪ್ರಯೋಜನವಿಲ್ಲ. ಅವನಿಗೆ ಜೈಲಿನ ಭಯವಿರಲಿಲ್ಲ. ಬಾದಾಮಿಯಿಂದ ಬರುವ ಮಗಳ ಮುಖದ ಭಯವಿತ್ತು.

ಹೆಣ ಊರು ಮುಟ್ಟುವ ಮೊದಲೇ ಬಸವಂತ ಕಟ್ಟಿದ ಮಾತು ಮುಟ್ಟಿತ್ತು. ಪಕ್ಕದ ಮನೆಯ ರೇಣವ್ವ ಅಳುತ್ತಲೇ ಅಂದಳು: "ದುಡುಕಿದ್ಯಲ್ಲ ನನ್ನವ್ವಾ! ಗಂಡ ಅಲ್ಲೇ ಇದ್ದ, ಒಂದ್ ಮಾತು ಕೇಳಿದ್ರ ನಿನ್ನ ಬಾಯಿ ಸವೀತಿತ್ತೇನ?" ಉಳಿದ ಹೆಂಗಸರೂ ಅದನ್ನೇ ಹಿಡಿದು ಹಾಡಿಕೊಂಡು ಅತ್ತರು. ಅವಸರದ ಹೆಂಗಸು, ಕೇಳದೆ ಹೋದಳು, ಪಾಪ ಗಂಡನನ್ನು ಒಂಟಿ ಮಾಡಿದಳು. ಸಂಜೆಯೊಳಗೆ ಓಣಿಯ ತುಂಬ ತಪ್ಪೆಲ್ಲ ಯಮನವ್ವನದೇ ಆಯಿತು. ಸತ್ತವಳು ಎದ್ದು ಬಂದು ಇಲ್ಲ ಎನ್ನುತ್ತಾಳೆಯೆ? ಶಿವಸಂಗಪ್ಪ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡ.

ಮಹಾನಂದಾ ಬಂದಳು, ಅತ್ತಳು, ಮಣ್ಣು ಮಾಡಿ ಬಂದರು. ಮರುದಿನ ಅವಳು ಅಪ್ಪನ ಹತ್ತಿರ ಕೂತು, ನೆಲ ನೋಡುತ್ತ ಕೇಳಿದಳು:

"ಅಪ್ಪಾ, ಅವ್ವ ಖರೇನ ಕೇಳಲಿಲ್ಲೇನು? ನನಗ ನಂಬಾಕ ಆಗವಲ್ದು. ನಾ ಸಣ್ಣಾಕಿದ್ದಾಗಿಂದ ನೋಡೇನಿ. ಕೇಳದ ಆಕಿ ಕೈ ಹಾಕಿದ್ದ ನೋಡಿಲ್ಲ."

ಅವನು ಕೆಮ್ಮಿದ. ಅವನ ಎದೆಯೂ ಉರಿಯುತ್ತಿತ್ತು, ಆ ಸಂದಿಯ ಗಾಳಿ ಅವನನ್ನೂ ಬಿಟ್ಟಿರಲಿಲ್ಲ. ಮಗಳು ಎದ್ದು ನೀರು ತಂದುಕೊಟ್ಟಳು. ಮಾತು ಅಲ್ಲಿಗೇ ನಿಂತಿತು.

ಮೂರನೆಯ ದಿನ ಹಾಲು ತುಪ್ಪ. ಮಣ್ಣು ಮಾಡಿದಲ್ಲಿಗೆ ಹೋಗಿ ದಿಬ್ಬೆಯ ಮೇಲೆ ಹಾಲು ತುಪ್ಪ ಬಿಟ್ಟು ಬರುವುದು ನಡೆದುಬಂದ ಪದ್ಧತಿ. ಅಂದೇ ಮಧ್ಯಾಹ್ನ ಹೇಳಿಕೆ ಬರೆಸಲು ಸ್ಟೇಶನ್ನಿಗೆ ಬಾ ಎಂದು ಹವಾಲ್ದಾರ ಹೇಳಿ ಹೋಗಿದ್ದ. ಬಸವಂತ ಕಾರ್ಖಾನೆ ಬಂದ್ ಮಾಡಿ ಆಳುಗಳ ಜೊತೆ ಬಂದಿದ್ದ. ರೇಣವ್ವ, ಮಲೀಕಸಾಬ, ಓಣಿಯ ಹತ್ತಿಪ್ಪತ್ತು ಮಂದಿ. ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು.

ಮಹಾನಂದಾ ಬುಟ್ಟಿಯಿಂದ ಹಾಲಿನ ಬೋಗುಣಿ ತೆಗೆದಳು. ತಟ್ಟೆ ಸರಿಸಿ ನೋಡಿದಳು. ಅನುಮಾನ ಬಂತೋ ಏನೋ, ಯೋಚನೆ ಮಾಡದೆ, ಆ ಮನೆಯಲ್ಲಿ ಹುಟ್ಟಿ ಬೆಳೆದವಳು ಮಾಡುವಂತೆ, ಬೋಗುಣಿಯನ್ನು ಅಪ್ಪನ ಮುಖದ ಮುಂದೆ ಹಿಡಿದಳು.

"ಅಪ್ಪಾ, ನಿನ್ನಿ ಸಂಜಿ ಕಾಸಿದ್ದು. ವಾಸನಿ ನೋಡು, ಕೆಟ್ಟೈತೇನು? ಅವ್ವಗ ಕೆಟ್ಟದ್ದು ಬಿಡಬಾರದು."

ಶಿವಸಂಗಪ್ಪ ಎರಡೂ ಕೈಯಲ್ಲಿ ಬೋಗುಣಿ ಹಿಡಿದು ಬಾಗಿದ. ಉಸಿರೆಳೆದ. ಮಂದಿ ಸುಮ್ಮನೆ ನಿಂತು ಅವನ ಮುಖ ನೋಡಿದರು. ಹಾಲು ಚೆನ್ನಾಗಿತ್ತು. ಕಾಯಿಸುವಾಗ ತಗಲಿದ ಕಟ್ಟಿಗೆಯ ಹೊಗೆಯ ವಾಸನೆ ಕೂಡ ಅವನಿಗೆ ತಿಳಿಯಿತು. ಹೇಳಬೇಕಾದದ್ದು ಒಂದೇ ಮಾತು, ಚಲೋ ಐತಿ ಎಂದು. ಬಾಯಿ ತೆಗೆದ. ಆ ಮಾತು ಬರಲಿಲ್ಲ.

"ಕೇಳಿದ್ಲು," ಎಂದ.

"ಏನು?"

"ನಿಮ್ಮವ್ವ ಕೇಳಿದ್ಲು. ಹೋತೇನ್ರಿ ಅಂತ ಕೇಳಿದ್ಲು. ನಾ ಹೋತು ಅಂದೆ. ಹೋಗಿರಲಿಲ್ಲ."

ಬಸವಂತ ಮುಂದೆ ಬಂದು ಅವನ ತೋಳು ಹಿಡಿದ. "ಕಾಕಾ, ದುಃಖದಾಗ ಏನೇನರ ಮಾತಾಡಬ್ಯಾಡ. ನಡಿ, ನೆಳ್ಳಿಗೆ ಕೂಡು."

"ದುಃಖದಾಗಲ್ರಿ ಸಾವ್ಕಾರ್ರ." ಶಿವಸಂಗಪ್ಪ ಬೋಗುಣಿ ಬಿಡದೆ ಅವನ ಕಡೆ ತಿರುಗಿದ. "ಮೀಟರ್ ಸುಟ್ಟಿತ್ತು. ಫ್ಯಾನ್ ನಿಂತಿತ್ತು. ನೀವು ನನ್ನ ಮೂಗು ಕೇಳಿದ್ರಿ, ನಾ ಕೊಟ್ಟೆ. ಆ ಬಾಯಾರು ಬ್ಯಾಡಂತ ಬಡಕೊಂಡಿದ್ರು, ನಾ ಕೇಳಲಿಲ್ಲ. ಮಧ್ಯಾಹ್ನ ಇದನ್ನ ಬರಸ್ತೇನಿ. ನಿಮ್ಮ ಹೆಸರೂ ಬರಸ್ತೇನಿ, ನಂದೂ ಬರಸ್ತೇನಿ. ದುಡುಕಿದ್ಲು ಅಂತ ಇನ್ನ ಯಾರೂ ಅನಬ್ಯಾಡ್ರಿ. ಮೂವತ್ತ ವರ್ಷ ಆಕಿ ಕೇಳದ ಒಂದ್ ಹೆಜ್ಜಿ ಇಟ್ಟಾಕಿ ಅಲ್ಲ."

ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸವಂತ ಹಿಡಿದ ತೋಳು ಬಿಟ್ಟ. ಶಿವಸಂಗಪ್ಪ ಮಗಳ ಕಡೆ ನೋಡಿದ. ಬೈದರೆ ಬೈಯಲಿ, ಮುಖಕ್ಕೆ ಉಗುಳಿದರೆ ಉಗುಳಲಿ ಎಂದು ನಿಂತಿದ್ದ.

ಮಹಾನಂದಾ ಬೈಯಲಿಲ್ಲ. ಅಳಲೂ ಇಲ್ಲ. ಅಪ್ಪನ ಕೈಯಿಂದ ಬೋಗುಣಿಯನ್ನು ಮೆಲ್ಲಗೆ ತೆಗೆದುಕೊಂಡಳು. ಅದನ್ನು ತನ್ನ ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ, ತಾನೇ ಮೂಸಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ತಾಯಿಯ ತಲೆದೆಸೆಯಿಂದ ಕಾಲ್ದೆಸೆಯ ತನಕ ಹಾಲು ಬಿಟ್ಟು, ಖಾಲಿ ಬೋಗುಣಿಯನ್ನು ಬುಟ್ಟಿಯಲ್ಲಿಟ್ಟಳು.